ಪುಕಟದ ದನಿ

ಸಾಂಗ್ಲಿ
3 ಜೂನ್ 2024

ಅನುಸೂಯಾ ಮಾವಶಿಯವರಿಗೆ ಪ್ರಣಾಲಿಯ ನಮಸ್ಕಾರಗಳು.

ನೀವು ಮಿರಜ ಬಿಟ್ಟು ಕಲಬುರಗಿಗೆ, ತಂಗಿ ರತ್ನಾಬಾಯಿಯವರ ಮನೆಗೆ ಹೋಗಿ ಎರಡು ತಿಂಗಳಾಯಿತು. ಮೂರು ಸಲ ದನಿ ಮುದ್ರಿಸಿ ಕಳಿಸಿದೆ, ಒಂದಕ್ಕೂ ಉತ್ತರವಿಲ್ಲ. ಕೊನೆಗೆ “ಬರೆದು ಕಳಿಸು, ಇಲ್ಲದಿದ್ದರೆ ಕನ್ನಡ ಮರೆತೀಯ” ಎಂದು ಒಂದೇ ಸಾಲು ಬಂತು. ಆಗಲಿ, ಇಮೇಲಿನಲ್ಲಿ ಬರೆಯುತ್ತೇನೆ. ಮರಾಠಿ ಶಾಲೆಯ ಹುಡುಗಿಗೆ ಕನ್ನಡ ಬರೆಯಲು ಕಲಿಸಿದವರು ನೀವು. ತಪ್ಪಿದ್ದರೆ ಅರ್ಧ ಪಾಲು ನಿಮ್ಮದು.

ನನಗೆ ಕೆಲಸ ಸಿಕ್ಕಿದೆ. ಮಾರ್ಕೆಟ್ ಯಾರ್ಡಿನಲ್ಲಿ ಸಿದ್ರಾಮಪ್ಪ ಕಾಕಾನ ಅರಿಶಿನದ ಅಡತಿ ಅಂಗಡಿ ಇದೆಯಲ್ಲ, ಅಲ್ಲಿ. ಅವ್ವ ಹನ್ನೊಂದು ವರ್ಷದಿಂದ ಅವರ ಗೋದಾಮಿನಲ್ಲೇ ಅರಿಶಿನದ ಕೊಂಬು ಆರಿಸುತ್ತಾಳೆ. ಕಾಕಾನಿಗೆ ಕಣ್ಣಲ್ಲಿ ಪೊರೆ ಬಂದಿದೆ, ಮಗ ನಿಲೇಶ ದಾದಾ ಸದಾ ತಿರುಗಾಟದಲ್ಲಿ. ಊರೂರಿನ ವ್ಯಾಪಾರಿಗಳ ಇಮೇಲುಗಳು ಓದುವವರಿಲ್ಲದೆ ಬಿದ್ದಿದ್ದವು. ಅವ್ವ ಹೋಗಿ ನನ್ನ ಮಗಳು ಓದುತ್ತಾಳೆ ಎಂದಳಂತೆ. ಕಣ್ಣಿಲ್ಲದವಳು ಹೇಗೆ ಓದುತ್ತಾಳೆ ಎಂದು ಇಡೀ ಅಂಗಡಿ ನಕ್ಕಿತು. ನಾನು ಹೋಗಿ ಕುಳಿತು, ಪರದೆಯ ಮೇಲಿದ್ದದ್ದನ್ನು ಸ್ಕ್ರೀನ್ ರೀಡರ್ ಕಿವಿಯಲ್ಲಿ ಹೇಳಿದ ಹಾಗೆ ಗಟ್ಟಿಯಾಗಿ ಹೇಳುತ್ತ ಹೋದೆ. ನಗು ನಿಂತಿತು.

ಈಗ ದಿನಾ ಕಾಕಾನಿಗೆ ಟಪಾಲು ಓದಿ ಹೇಳುತ್ತೇನೆ, ಅವರು ಹೇಳಿದ ಉತ್ತರ ಬರೆದು ಕಳಿಸುತ್ತೇನೆ, ಫೋನು ಎತ್ತುತ್ತೇನೆ. ಜುಲೈ ಕೊನೆಯವರೆಗೆ ಪರೀಕ್ಷೆ. ಪಾಸಾದರೆ ಕಾಯಂ. ನಿಮ್ಮ ಹತ್ತಿರ ಕಂಪ್ಯೂಟರ್ ಕಲಿತು ಐದು ವರ್ಷ ಸಮಡೋಳಿಯ ಮನೆಯಲ್ಲಿ ಗೋಡೆಗೆ ಒರಗಿ ಕುಳಿತವಳು ನಾನು. ಈಗ ಅವ್ವನ ಡಬ್ಬಿಯ ಪಕ್ಕ ನನ್ನದೂ ಒಂದು ಡಬ್ಬಿ ಇರುತ್ತದೆ, ಇಬ್ಬರೂ ಕೂಡಿ ಬಸ್ಸು ಹತ್ತುತ್ತೇವೆ. ಇದು ತಪ್ಪಿಹೋದರೆ ನಾನು ಮತ್ತೆ ಆ ಗೋಡೆಯ ಹತ್ತಿರ ಹೋಗಿ ಕೂರಲಾರೆ ಮಾವಶಿ.

ಒಂದು ತೊಡಕು ಬಂದಿದೆ. ನನ್ನ ಸ್ಕ್ರೀನ್ ರೀಡರಿಗೆ ಎಷ್ಟು ಕೊಟ್ಟೆ ಎಂದು ಕಾಕಾ ಕೇಳಿದರು. ಅದು ಎಲ್ಲರಿಗೂ ಉಚಿತ ಎಂದೆ. ಹೆಮ್ಮೆಯಿಂದಲೇ ಹೇಳಿದೆ. ಅದಕ್ಕೆ ಕಾಕಾ “ಪುಕಟದ್ದರ ಮ್ಯಾಲ ನಂಬಿಕಿ ಇಟ್ಟು ನಾ ಧಂದೆ ನಡಸ್ಲೇನು ತಂಗಿ?” ಎಂದರು.

ಈ ಯಾರ್ಡಿನಲ್ಲಿ ಒಂದು ರಿವಾಜಿದೆ. ಹೊಸ ವ್ಯಾಪಾರಿ ಬಂದರೆ ಹಳೆಯ ಅಂಗಡಿಯವರೊಬ್ಬರು ‘ಇವನು ನಮ್ಮವನು’ ಎಂದು ಮಾತು ಕೊಡಬೇಕು. ಅಲ್ಲಿಯವರೆಗೆ ಯಾರೂ ಮಾಲು ಎತ್ತಿಕೊಡುವುದಿಲ್ಲ. ಕಾಕಾ ನನ್ನ ಸ್ಕ್ರೀನ್ ರೀಡರಿಗೂ ಅದನ್ನೇ ಹಚ್ಚಿದ್ದಾರೆ. ಕಲಿಸಿದವರಿಂದ ಒಂದು ಪತ್ರ ತರಿಸು ಎಂದಿದ್ದಾರೆ. ಉಚಿತವಾದದ್ದೂ ನಂಬಿಕೆಗೆ ಯೋಗ್ಯ ಎಂದು ಅಂಗಡಿಯ ಇಮೇಲ್ ವಿಳಾಸಕ್ಕೆ ನೀವು ನಾಲ್ಕು ಸಾಲು ಬರೆದರೆ ಸಾಕು. ಬರೆಯುತ್ತೀರಲ್ಲ?

ನಿಮ್ಮ
ಪ್ರಣಾಲಿ


ಕಲಬುರಗಿ
12 ಜೂನ್ 2024

ಪ್ರಣಾಲಿಗೆ ಮಾವಶಿಯ ಆಶೀರ್ವಾದಗಳು.

ನಿನ್ನ ಪತ್ರವನ್ನು ನನ್ನ ಸ್ಕ್ರೀನ್ ರೀಡರಿನಲ್ಲಿ ಎರಡು ಸಲ ಕೇಳಿದೆ. ಖುಷಿಗೆ ಒಂದು ಸಲ, ತಪ್ಪು ಹುಡುಕಲು ಒಂದು ಸಲ. ಪರವಾಗಿಲ್ಲ, ಅರ್ಧ ಪಾಲು ಹೊರಬಲ್ಲೆ. ನಿನ್ನವ್ವ ಕಾಡವ್ವನಿಗೆ ಹೇಳು, ಹನ್ನೊಂದು ವರ್ಷ ಅರಿಶಿನ ಆರಿಸಿದವಳು ಮಾಲಕನನ್ನೂ ಚೆನ್ನಾಗಿಯೇ ಆರಿಸಿದ್ದಾಳೆ.

ಇಲ್ಲಿ ನಾನು ಆರಾಮ. ಜನ ಮಾತ್ರ ಒಂಥರಾ, ಮಾತನ್ನು ಬಾಯಲ್ಲೇ ಅಗಿದು ನುಂಗುತ್ತಾರೆ. ರತ್ನಾಬಾಯಿಗೂ ಅದೇ ಚಾಳಿ ಹತ್ತಿದೆ. ಫೋನಿಗೆ ಈ ಮನೆಯಲ್ಲಿ ರೇಂಜೂ ಸಿಗುವುದಿಲ್ಲ, ಮಾಡಬೇಡ.

ನಿನಗೆ ನಲವತ್ತು ನಿಮಿಷದ ಪಾಠ ನೆನಪಿದೆಯೇ? ಆಗ ನಮ್ಮ ಹತ್ತಿರ ದುಡ್ಡು ಕೊಟ್ಟು ಕೊಳ್ಳುವ ಸ್ಕ್ರೀನ್ ರೀಡರಿನ ಮಾದರಿ ಪ್ರತಿಯಷ್ಟೇ ಇತ್ತು. ನಲವತ್ತು ನಿಮಿಷ ಓದಿ ಬಾಯಿ ಮುಚ್ಚುತ್ತಿತ್ತು. ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಬೇಕಿತ್ತು, ಆ ಹೊತ್ತಿನಲ್ಲಿ ನಾವು ಚಹಾ ಕುಡಿಯುತ್ತಿದ್ದೆವು. ಟೆಲಿಫೋನ್ ಎಕ್ಸ್‌ಚೇಂಜಿನಿಂದ ನಿವೃತ್ತಳಾದಾಗ ಬಂದ ಹಣದಲ್ಲಿ ಮೊದಲು ಕೊಂಡದ್ದು ಬಂಗಾರವಲ್ಲ, ಅದರ ಪೂರ್ತಿ ಪ್ರತಿ. ಅದಕ್ಕೊಂದು ಕನ್ನಡದ ದನಿಯನ್ನೂ ಬೇರೆಯಾಗಿ ಹಾಕಿಸಿದೆ. ಎಂಥ ದನಿ! ದಪ್ಪ, ನಿಧಾನ, ಒಂದೊಂದು ಅಕ್ಷರವನ್ನೂ ಕೈಗೆ ಕೊಟ್ಟ ಹಾಗೆ.

ನಾನು ಮಿರಜ ಬಿಡುವ ಮುಂಚೆ ನೀನು ನಿನ್ನ ಉಚಿತದ್ದನ್ನು ನನ್ನ ಕಂಪ್ಯೂಟರಿಗೂ ಹಾಕಿಕೊಟ್ಟೆಯಲ್ಲ, ಎಂಟು ದಿನ ಕೇಳಿದೆ. ಸೊಳ್ಳೆ ಗುಂಯ್‌ಗುಟ್ಟಿದ ಹಾಗಿತ್ತು. ಪುಕ್ಕಟೆ ಸಿಕ್ಕರೆ ನನಗೊಂದಿರಲಿ ನಮ್ಮಪ್ಪನಿಗೊಂದಿರಲಿ ಎಂದು ಎಲ್ಲರೂ ಹಾಕಿಕೊಳ್ಳುತ್ತೀರಿ.

ನಾನು ಕೇಳುವುದು ಇಷ್ಟೇ. ಲಾರಿಗಟ್ಟಲೆ ಅರಿಶಿನ ಆಡಿಸುವ ಮನುಷ್ಯ ನಿನಗೊಂದು ಒಳ್ಳೆಯ ಸ್ಕ್ರೀನ್ ರೀಡರ್ ಯಾಕೆ ಕೊಡಿಸಬಾರದು? ಹಮಾಲನಿಗೆ ಕೊಕ್ಕೆ ಕೊಡುವುದಿಲ್ಲವೇ, ತೂಗುವವನಿಗೆ ಕಾಟಾ ಕೊಡುವುದಿಲ್ಲವೇ? ನಿನ್ನಂಥ ನನ್ನಂಥ ಕಣ್ಣಿಲ್ಲದವರು ತಮ್ಮ ಸಾಮಾನು ತಾವೇ ತಂದುಕೊಳ್ಳಬೇಕು, ಅದೂ ಪುಕ್ಕಟೆಯಾಗಿರಬೇಕು ಎಂಬುದು ಯಾವ ನ್ಯಾಯ? ಸಂಕೋಚ ಬಿಟ್ಟು ಕೇಳು.

ಆಶೀರ್ವಾದಗಳೊಂದಿಗೆ
ಮಾವಶಿ


ಸಾಂಗ್ಲಿ
15 ಜೂನ್ 2024

ಮಾವಶಿಯವರಿಗೆ,

ನೀವು ಹೇಳಿದ ಹಾಗೆ ಕಾಕಾನನ್ನು ಕೇಳಿದೆ. ನಿಲೇಶ ದಾದಾ ಆಗಲೇ ಬೆಲೆ ವಿಚಾರಿಸಿ ಇಟ್ಟಿದ್ದರು. ಅಷ್ಟು ಕೊಡುವುದಾದರೆ ಕಣ್ಣಿದ್ದವರನ್ನೇ ಇಟ್ಟುಕೊಳ್ಳಬಹುದಲ್ಲ ಎಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ಚೀಲದ ಬೆಲೆ ಹೇಳಿದ ಹಾಗೆ ಅಂದರು. ನಾನು ಪಕ್ಕದಲ್ಲೇ ಕುಳಿತಿದ್ದೆ. ನಿಮ್ಮ ನ್ಯಾಯ ಸರಿ. ಆದರೆ ಆ ನ್ಯಾಯ ಗೆಲ್ಲುವ ಹೊತ್ತಿಗೆ ನನ್ನ ಕುರ್ಚಿಯಲ್ಲಿ ಬೇರೆಯವರು ಕುಳಿತಿರುತ್ತಾರೆ.

ಸೊಳ್ಳೆ ಎಂದಿರಿ. ಮಾವಶಿ, ಓದುವುದು ಬೇರೆ, ದನಿ ಬೇರೆ. ದನಿ ಹಿಡಿಸದಿದ್ದರೆ ಬೇರೆ ದನಿ ಹಾಕಬಹುದು, ಓದುವ ಕೆಲಸವನ್ನು ಅದು ಸರಿಯಾಗಿಯೇ ಮಾಡುತ್ತದೆ. ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್, ನಾಲ್ಕನ್ನೂ ಓದುತ್ತದೆ. ನನ್ನದು ಎಷ್ಟು ವೇಗವೆಂದರೆ ಸ್ಪೀಕರಿನಲ್ಲಿ ಬಿಟ್ಟರೆ ಕಾಕಾನಿಗೆ ಒಂದು ಮಾತೂ ತಿಳಿಯುವುದಿಲ್ಲ. ಅದಕ್ಕೇ ನಾನು ಒಂದು ಕಿವಿಗೆ ಇಯರ್‌ಫೋನ್ ಹಾಕಿಕೊಂಡು, ಕೇಳಿದ್ದನ್ನು ಬಾಯಲ್ಲಿ ಹೇಳುತ್ತೇನೆ. ಒಂದೂವರೆ ತಿಂಗಳಲ್ಲಿ ಒಂದು ತಪ್ಪು ಬಂದಿಲ್ಲ. ಇದನ್ನು ಮೊದಲು ಮಾಡಿದವರೂ ನಮ್ಮಂಥ ಕಣ್ಣಿಲ್ಲದವರೇ. ದುಡ್ಡಿಲ್ಲದವರಿಗೂ ಸಿಗಲಿ ಎಂದೇ ಉಚಿತ ಇಟ್ಟಿದ್ದಾರೆ. ನೀವೂ ಮಿರಜಿನಲ್ಲಿ ನಮಗೆ ಹಾಗೆಯೇ ಕಲಿಸಿದಿರಿ. ನಿಮ್ಮ ಪಾಠವನ್ನು ಯಾರೂ ಪುಕಟದ್ದು ಎಂದು ಅಣಕಿಸಲಿಲ್ಲ.

ಫೋನು ಮಾಡಬೇಡ ಎಂದರೂ ಮೂರು ಸಲ ಮಾಡಿದೆ. ಎರಡು ಸಲ ಗಂಟೆ ಬಾರಿಸಿದರೂ ನೀವು ಎತ್ತಲಿಲ್ಲ. ಒಮ್ಮೆ ಎತ್ತಿ, ನಾನು ಮಾತು ಮುಗಿಸುವ ಮುಂಚೆಯೇ “ಆತು ಆತು” ಎಂದು ಇಟ್ಟುಬಿಟ್ಟಿರಿ. ನನ್ನ ಮೇಲೆ ಸಿಟ್ಟೇ? ನಿಮ್ಮ ಬೆಲೆಬಾಳುವ ಸ್ಕ್ರೀನ್ ರೀಡರನ್ನು ನಾನು ಬಳಸಲಿಲ್ಲ ಎಂದೇ?

ಪತ್ರ ಬರೆಯಿರಿ. ಕಾಕಾ ದಿನಾ ಕೇಳುತ್ತಿದ್ದಾರೆ.

ಪ್ರಣಾಲಿ


ಕಲಬುರಗಿ
28 ಜೂನ್ 2024

ಪ್ರಣಾಲಿಗೆ,

ಅಂಗಡಿಯ ಇಮೇಲ್ ವಿಳಾಸಕ್ಕೆ ಇವತ್ತು ಪತ್ರ ಕಳಿಸಿದ್ದೇನೆ. ನನ್ನ ಕಿವಿ ಒಪ್ಪದ್ದನ್ನು ನಾನು ಒಪ್ಪಿದೆ ಎಂದು ಬರೆಯಲಾರೆ. ನಿನ್ನ ಬಗ್ಗೆ ಬರೆದದ್ದೆಲ್ಲ ನಿಜ. ನನ್ನ ಪತ್ರ ಕೇಳಿದ ಮೇಲಾದರೂ ಅವರು ಒಳ್ಳೆಯದನ್ನು ಕೊಡಿಸುತ್ತಾರೆಂದು ನನ್ನ ನಂಬಿಕೆ.

ಮಾವಶಿ


ಸಾಂಗ್ಲಿ
1 ಜುಲೈ 2024

ಅನುಸೂಯಾಬಾಯಿಯವರಿಗೆ,

ನಿಮ್ಮ ಪತ್ರ ಅಂಗಡಿಗೆ ಬಂತು. ಅಂಗಡಿಗೆ ಬಂದ ಪತ್ರವನ್ನು ಗಟ್ಟಿಯಾಗಿ ಓದುವವಳು ಯಾರೆಂಬುದು ನಿಮಗೆ ನೆನಪಾಗಲಿಲ್ಲವೇ?

ಕಾಕಾ ಗಾದಿಯ ಮೇಲೆ ಕುಳಿತಿದ್ದರು, ನಿಲೇಶ ದಾದಾ ಬಾಗಿಲ ಹತ್ತಿರ. ಕಿವಿಯಲ್ಲಿ ನಿಮ್ಮ ಮಾತು ಬರುತ್ತಿತ್ತು, ನಾನು ಹೇಳುತ್ತಿದ್ದೆ. ‘ಪ್ರಣಾಲಿ ನನ್ನ ಶಿಷ್ಯೆ. ಬುದ್ಧಿವಂತೆ, ಕಷ್ಟಪಡುವವಳು. ಓದಿ ಹೇಳುವಾಗ ಒಂದಕ್ಷರ ಆಚೀಚೆ ಮಾಡುವವಳಲ್ಲ.’ ಅಷ್ಟನ್ನು ಗಟ್ಟಿಯಾಗಿ, ಹೆಮ್ಮೆಯಿಂದ ಹೇಳಿದೆ. ಅದರ ಬೆನ್ನಿಗೇ ಆ ಮೂರು ಸಾಲು. ‘ಆದರೆ ಅವಳು ಬಳಸುವ ಉಚಿತ ಸ್ಕ್ರೀನ್ ರೀಡರಿನ ಮಾತು ಸ್ಪಷ್ಟವಿಲ್ಲ. ಅಕ್ಷರಗಳನ್ನು ನುಂಗುತ್ತದೆ. ಅದನ್ನು ನಂಬಿ ವ್ಯಾಪಾರದ ಪತ್ರ ಓದಿಸುವುದು ಕ್ಷೇಮವಲ್ಲ.’

ನಾನು ಆ ಮೂರು ಸಾಲು ಬಿಟ್ಟೆ. ಬಿಟ್ಟು, ಕೊನೆಯ ನಮಸ್ಕಾರಕ್ಕೆ ಹೋದೆ.

“ಮುಗೀತೇನು?” ಎಂದರು ಕಾಕಾ. ಮುಗಿಯಿತು ಎಂದೆ. ಮತ್ತೇನೂ ಇಲ್ಲವೇ ಎಂದರು. ಇಲ್ಲ ಎಂದೆ. “ಛಲೋ ಆತು” ಎಂದರು. ನನ್ನ ಪಾಲಿಗೆ ಕೆಲಸ ಉಳಿಯಿತು.

ಏನೂ ಸೇರಿಸಲಿಲ್ಲ, ಬಿಟ್ಟೆ ಅಷ್ಟೇ ಎಂದು ಎರಡು ದಿನದಿಂದ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ನಾನು ಒಂದಕ್ಷರ ಆಚೀಚೆ ಮಾಡದವಳು ಎಂದು ಬರೆದವರು ನೀವು. ಆ ಮಾತನ್ನು ಸುಳ್ಳು ಮಾಡಿಸಿದವರೂ ನೀವೇ. ನಿಮ್ಮ ಹಟಕ್ಕೆ, ನಿಮ್ಮ ದುಬಾರಿ ದನಿಯ ದೊಡ್ಡಸ್ತಿಕೆಗೆ ನನ್ನ ಹೊಟ್ಟೆಯ ಮೇಲೆ ಹೊಡೆಯಲು ನಿಂತಿರಿ. ಇನ್ನು ಸ್ವಲ್ಪ ದಿನ ನಾನು ಬರೆಯುವುದಿಲ್ಲ.

ಪ್ರಣಾಲಿ


ಕಲಬುರಗಿ
2 ಆಗಸ್ಟ್ 2024

ಪ್ರಣಾಲಿ,

ಒಂದು ತಿಂಗಳು ಉತ್ತರಿಸಲಿಲ್ಲ. ಸಿಟ್ಟಿನಿಂದಲ್ಲ. ಮೊದಲ ಹದಿನೈದು ದಿನ ಹಟದಿಂದ, ಆಮೇಲಿನ ಹದಿನೈದು ದಿನ ನಾಚಿಕೆಯಿಂದ.

ನನ್ನ ಕಿವಿ ಹೋಗುತ್ತಿದೆ. ಮಿರಜ ಬಿಡುವ ಮುಂಚೆಯೇ ಸುರುವಾಗಿತ್ತು. ಮೂವತ್ತೆರಡು ವರ್ಷ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಯಂತ್ರ ಕಟ್ಟಿಕೊಂಡು ಕುಳಿತವಳು, ಸವೆದಿರಬೇಕು. ಯಾರಿಗೂ ಹೇಳಲಿಲ್ಲ. ಇಲ್ಲಿಯ ಜನ ಮಾತು ನುಂಗುತ್ತಾರೆ ಎಂದೆ, ಫೋನಿಗೆ ರೇಂಜಿಲ್ಲ ಎಂದೆ, ನಿನ್ನ ಸ್ಕ್ರೀನ್ ರೀಡರ್ ಸೊಳ್ಳೆ ಎಂದೆ. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ. ನನ್ನ ಹಳೆಯ ದನಿಯನ್ನು ಹೊಗಳಿದೆನಲ್ಲ, ಅದನ್ನೂ ದನಿ ಪೂರ್ತಿ ಏರಿಸಿ, ಆಮೆ ನಡಿಗೆಯಲ್ಲಿ ಕೇಳುವುದು. ಪಕ್ಕದ ಮನೆಯವರಿಗೆ ನಿನ್ನ ಪತ್ರಗಳೆಲ್ಲ ಬಾಯಿಪಾಠ.

ಕಳೆದ ವಾರ ರತ್ನಾಬಾಯಿ ಬೆನ್ನ ಹಿಂದೆ ನಿಂತು ಊಟಕ್ಕೆ ನಾಲ್ಕು ಸಲ ಕರೆದಳಂತೆ. ಐದನೆಯ ಸಲ ಮುಂದೆ ಬಂದು ನನ್ನ ಕೈ ಹಿಡಿದು, ಸುಮ್ಮನೆ ಅತ್ತಳು. ಮರುದಿನ ಡಾಕ್ಟರರ ಹತ್ತಿರ ಕರೆದುಕೊಂಡು ಹೋದಳು. ಬಲಗಿವಿಯಲ್ಲಿ ಏನೂ ಉಳಿದಿಲ್ಲವಂತೆ, ಎಡಗಿವಿಗೆ ಯಂತ್ರ ಹಾಕಿ ನೋಡೋಣ ಎಂದಿದ್ದಾರೆ.

ಕುರುಡಿ ಎಂದು ಅರವತ್ತು ವರ್ಷ ಕರೆಸಿಕೊಂಡೆ. ಅದಕ್ಕೆ ಒಂದು ದಿನವೂ ಅಂಜಲಿಲ್ಲ, ಯಾಕೆಂದರೆ ನನಗೆ ಕಿವಿ ಇತ್ತು. ನನ್ನ ಮನೆ, ನನ್ನ ಪುಸ್ತಕ, ನನ್ನ ಜನ ಎಲ್ಲ ಈ ಕಿವಿಯಲ್ಲೇ ಇದ್ದವು. ಅದೂ ಮುಚ್ಚಿದರೆ ನಾನು ಎಲ್ಲಿರಬೇಕು? ತುಂಬ ಭಯವಾಗಿದೆ ಪ್ರಣಾಲಿ. ಆ ಭಯದಲ್ಲಿ ನಿನ್ನ ಅನ್ನಕ್ಕೆ ಕಲ್ಲು ಹಾಕಿದೆ. ಕ್ಷಮಿಸು ಎಂದು ಹಿರಿಯರು ಕಿರಿಯರಿಗೆ ಹೇಳಬಾರದಂತೆ, ನಾನು ಹೇಳುತ್ತಿದ್ದೇನೆ.

ಸಿದ್ರಾಮಪ್ಪನವರಿಗೆ ಎರಡನೆಯ ಪತ್ರ ಬರೆದು ಇದರ ಜೊತೆ ನಿನಗೇ ಕಳಿಸಿದ್ದೇನೆ. ಉಚಿತ ಸ್ಕ್ರೀನ್ ರೀಡರಿನ ಬಗ್ಗೆ ಬರೆದ ಮೂರು ಸಾಲು ನನ್ನ ಕಿವಿಯ ದೋಷ, ಅದರ ದೋಷವಲ್ಲ ಎಂದು ಸ್ಪಷ್ಟವಾಗಿ ಬರೆದಿದ್ದೇನೆ. ಇದನ್ನು ಓದಿದರೆ, ಮೊದಲ ಪತ್ರದಲ್ಲಿ ಮೂರು ಸಾಲು ಬಿಟ್ಟದ್ದೂ ಹೊರಗೆ ಬರುತ್ತದೆ. ಅದು ನನಗೆ ಗೊತ್ತು. ಓದುವುದು ಬಿಡುವುದು ನಿನ್ನ ಕೈಯಲ್ಲಿದೆ.

ಮಾವಶಿ


ಸಾಂಗ್ಲಿ
6 ಆಗಸ್ಟ್ 2024

ಮಾವಶಿಯವರಿಗೆ,

ನಿಮ್ಮ ಪತ್ರ ಕೇಳಿ ಯಾರ್ಡಿನ ಹಿಂದಿನ ಕಟ್ಟೆಯ ಮೇಲೆ ಹೋಗಿ ಕುಳಿತೆ. ನೀವು ಫೋನು ಇಟ್ಟದ್ದು, ಬರೆದು ಕಳಿಸು ಎಂದದ್ದು, ಎಲ್ಲ ಈಗ ಅರ್ಥವಾಗುತ್ತಿದೆ. ನಾನು ದೊಡ್ಡಸ್ತಿಕೆ ಎಂದುಬಿಟ್ಟೆ. ಆ ಮಾತು ವಾಪಸ್ ಕೊಡಿ.

ಜುಲೈ 31ರಂದು ಕಾಕಾ ನನ್ನನ್ನು ಕರೆದು, ನಾಳೆಯಿಂದಲೂ ಬಾ ಎಂದರು. ಕಾಯಂ ಮಾಡಿದ ಕಾಗದ ಮಾತ್ರ ಕೈಗೆ ಬಂದಿಲ್ಲ. ಇವತ್ತು, ನಾಳೆ ಎನ್ನುತ್ತಿದ್ದಾರೆ. ಹಳೆಯ ಮಂದಿ, ಕಾಗದ ಮಾಡಲು ಕೈ ಹಿಂದೆ. ನಿಲೇಶ ದಾದಾ ಮಾತ್ರ ಈಚೆಗೆ ನನ್ನ ಕೆಲಸದಲ್ಲಿ ತುಂಬ ಆಸಕ್ತಿ ತೋರಿಸುತ್ತಾರೆ. ನಾನು ಟಪಾಲು ಓದುವಾಗ ಬೆನ್ನ ಹಿಂದೆ ಬಂದು ನಿಲ್ಲುತ್ತಾರೆ, ಮುಗಿದ ಮೇಲೆ “ಇಷ್ಟ ಐತೇನು?” ಎಂದು ಕೇಳುತ್ತಾರೆ. ಕಲಿಯುವ ಮನಸ್ಸಿರಬೇಕು.

ನಿಮ್ಮ ಎರಡನೆಯ ಪತ್ರ ಓದಿಲ್ಲ. ಕಾಗದ ಕೈಗೆ ಬರಲಿ, ಆಮೇಲೆ ಓದುತ್ತೇನೆ. ಮೋಸ ಎನ್ನಬೇಡಿ.

ಪ್ರಣಾಲಿ


ಕಲಬುರಗಿ
9 ಆಗಸ್ಟ್ 2024

ಪ್ರಣಾಲಿ,

ಮೊದಲು ಕಾಗದ, ಆಮೇಲೆ ನಿಜ. ನಿನ್ನ ಜಾಗದಲ್ಲಿದ್ದರೆ ನಾನೂ ಹಾಗೇ ಮಾಡುತ್ತಿದ್ದೆ. ಕಿವಿಯ ವಿಷಯದಲ್ಲಿ ಮಾಡಿದ್ದೂ ಅದನ್ನೇ. ಅದರಿಂದ ಏನಾಯಿತು ಎಂಬುದನ್ನು ನೀನೇ ನೋಡಿದ್ದೀಯ. ಇದಕ್ಕಿಂತ ಹೆಚ್ಚು ಹೇಳುವ ಹಕ್ಕು ನನಗಿಲ್ಲ.

ಮಾವಶಿ


ಸಾಂಗ್ಲಿ
20 ಆಗಸ್ಟ್ 2024

ಮಾವಶಿಯವರಿಗೆ,

ಈ ಪತ್ರವನ್ನು ಬ್ರೈಲಿನಲ್ಲಿ ಚುಚ್ಚಿ ಅಂಚೆಗೆ ಹಾಕುತ್ತಿದ್ದೇನೆ. ಬೆರಳಲ್ಲಿ ಓದಿ, ಪಕ್ಕದ ಮನೆಯವರಿಗೆ ಇದು ಬೇಡ. ಎಷ್ಟೋ ವರ್ಷದ ಮೇಲೆ ಕೈ ಹಚ್ಚಿದ್ದೇನೆ, ಚುಕ್ಕೆಗಳು ಅಡ್ಡಾದಿಡ್ಡಿ ಬಿದ್ದಿರಬಹುದು. ಕುರುಡರ ಟಪಾಲಿಗೆ ಅಂಚೆಯವರು ದುಡ್ಡು ತೆಗೆದುಕೊಳ್ಳುವುದಿಲ್ಲ. ಪುಕಟದ್ದು ಎಂದು ಇದನ್ನೂ ಬೈಯಬೇಡಿ.

ನಿಮ್ಮ ಚಿಕ್ಕ ಪತ್ರ ಬಂದ ಮೇಲೆ ಹತ್ತು ದಿನ ಸುಮ್ಮನಿದ್ದೆ. ದಿನಾ ಕಾಕಾನ ಮುಂದೆ ಕುಳಿತು ಬೇರೆಯವರ ಪತ್ರ ಓದುವುದು, ನಿಮ್ಮದನ್ನು ಮುಚ್ಚಿಡುವುದು. ಯಾರದೋ ಪತ್ರ ಸರಿಯಾಗಿ ಓದಿ ಮುಗಿಸಿದರೂ, ಏನೋ ಬಿಟ್ಟೆನೇನೋ ಎಂದು ಮತ್ತೆ ಮೊದಲಿನಿಂದ ಕೇಳುತ್ತಿದ್ದೆ. ನಿನ್ನೆ ತಡೆಯಲಾಗಲಿಲ್ಲ. ಕಾಗದ ಇನ್ನೂ ಬಂದಿರಲಿಲ್ಲ. ಕಾಕಾ, ನಿಮಗೆ ಒಂದು ಪತ್ರ ಇದೆ, ಅದಕ್ಕೂ ಮುಂಚೆ ಹಳೆಯದೊಂದನ್ನು ಮತ್ತೆ ಓದಬೇಕು ಎಂದೆ.

ಮೊದಲ ಪತ್ರವನ್ನು ಪೂರ್ತಿ ಓದಿದೆ, ಮೂರು ಸಾಲು ಸೇರಿಸಿ. ನಿಮ್ಮ ಎರಡನೆಯದನ್ನೂ ಓದಿದೆ. ನಿಮ್ಮ ಕಿವಿಯ ಮಾತನ್ನೂ ಬಿಡಲಿಲ್ಲ. ಆಮೇಲೆ ಕಾಕಾ ಕೇಳಿದ್ದು ನಾನು ಅಂದುಕೊಂಡಿದ್ದಲ್ಲ.

“ಹಂಗಾದ್ರ ಆ ಮೂರು ಸಾಲು ನಿನ್ನ ಮಷೀನ ನುಂಗಿರಲಿಲ್ಲ?”

“ಇಲ್ರೀ ಕಾಕಾ. ಅದು ಬರೊಬ್ಬರಿ ಓದಿತ್ತು. ನಾ ನುಂಗೇನಿ.”

ನಿಮ್ಮ ಪತ್ರ ಬಂದ ದಿನವೇ, ನಾನು ಓದುವ ಮುಂಚೆಯೇ, ನಿಲೇಶ ದಾದಾ ಅದನ್ನು ಮೊಬೈಲಿನಲ್ಲಿ ನೋಡಿ ಕಾಕಾನಿಗೆ ಹೇಳಿಬಿಟ್ಟಿದ್ದರಂತೆ. ಪುಕಟದ್ದು ನುಂಗುತ್ತದೆ ಎಂದು ಪತ್ರದಲ್ಲೇ ಇತ್ತು. ಆಮೇಲೆ ನಾನು ಕುಳಿತು, ಅದೇ ಮೂರು ಸಾಲನ್ನು ನುಂಗಿ ಓದಿದೆ. ಇಬ್ಬರೂ ಅದನ್ನೇ ಸಾಕ್ಷಿ ಎಂದು ತಿಳಿದರು. ಹುಡುಗಿ ಚೆನ್ನಾಗಿದ್ದಾಳೆ, ಅವಳ ಸಾಮಾನು ಕೆಟ್ಟದ್ದು ಎಂದುಕೊಂಡರು. ನಿಲೇಶ ದಾದಾ ಬೆನ್ನ ಹಿಂದೆ ನಿಲ್ಲುತ್ತಿದ್ದದ್ದು ಕಲಿಯಲಿಕ್ಕಲ್ಲ, ಬೇರೆ ಯಾವ ಸಾಲು ಬಿಟ್ಟುಹೋಗುತ್ತದೆ ಎಂದು ಹಿಡಿಯಲಿಕ್ಕೆ. ಮುಂದಿನ ತಿಂಗಳಿಂದ ಬೇರೆ ಹುಡುಗಿಯನ್ನು ಹೇಳಿಯೂ ಇಟ್ಟಿದ್ದರು. ಅವ್ವನ ಮುಖ ನೋಡಿ ನನಗೆ ಹೇಳಲು ಆಗದೆ ದಿನ ತಳ್ಳುತ್ತಿದ್ದರು, ಅಷ್ಟೇ.

ಕೆಲಸ ಉಳಿಸಿಕೊಂಡೆ ಎಂದು ನಾನು ತಿಳಿದಿದ್ದ ದಿನವೇ ಅದನ್ನು ಕಳೆದುಕೊಂಡಿದ್ದೆ ಮಾವಶಿ. ಅದೂ, ಒಂದು ದಿನವೂ ನನಗೆ ಸುಳ್ಳು ಹೇಳದ ಆ ಸೊಳ್ಳೆಯ ಹೆಸರು ಕೆಡಿಸಿ.

ನಾನು ಎದ್ದು ಚೀಲ ತೆಗೆದುಕೊಂಡೆ. ಕಾಕಾ ಕುಂದ್ರು ಎಂದರು. ಹೊಸ ಹುಡುಗಿ ಬರುವುದು ಬೇಡ ಎಂದು ಫೋನು ಮಾಡಲು ನಿಲೇಶ ದಾದಾಗೆ ಹೇಳಿದರು. ನನಗೆ ಒಂದು ಕ್ಷಣ ಉಸಿರು ಬಂತು. ಅದು ಪೂರ್ತಿ ಬರುವುದಕ್ಕೂ ಬಿಡಲಿಲ್ಲ.

“ಸಾಮಾನು ಪಾಸಾತು. ನಿನ್ನ ಪರೀಕ್ಷಾ ಇವತ್ತಿಂದ ಸುರು. ಮೂರು ತಿಂಗಳ.”

ಹೂಂ ಎಂದೆ. ಅನ್ಯಾಯ ಎನ್ನಲು ನನ್ನ ಹತ್ತಿರ ಕಾರಣವಿರಲಿಲ್ಲ. ಸಂಜೆ ಬಸ್ಸಿನಲ್ಲಿ ಅವ್ವನಿಗೆ ಎಲ್ಲ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಸಮಡೋಳಿ ಬರುವವರೆಗೆ ನನ್ನ ಕೈ ಬಿಡಲಿಲ್ಲ.

ಎಡಗಿವಿಯ ಯಂತ್ರ ಬಂದ ಮೇಲೆ ತಿಳಿಸಿ. ಅದಕ್ಕೆ ಒಪ್ಪುವ ದನಿಯನ್ನು ನಾವಿಬ್ಬರೂ ಕೂಡಿ ಹುಡುಕೋಣ. ದುಬಾರಿಯದ್ದೇ ಆದರೆ ಅದೇ ಇರಲಿ, ನಾನು ಒಂದು ಮಾತೂ ಆಡುವುದಿಲ್ಲ.

ಇವತ್ತು ಬೆಳಿಗ್ಗೆ ಹೋದಾಗ ಕಾಕಾ ಎಂದಿನಂತೆ ಟಪಾಲು ಓದು ಎಂದರು. ಮೊದಲನೆಯದೇ ನಿಜಾಮಾಬಾದಿನ ಒಬ್ಬ ವ್ಯಾಪಾರಿಯದು. ಕಳಿಸಿದ ಮಾಲು ಹಸಿಯಿತ್ತು ಎಂದು ಸುರುಮಾಡಿ, ಕಾಕಾನನ್ನು ಅವರ ಅಪ್ಪ ಅಜ್ಜನ ಸಮೇತ ಹಿಂದಿಯಲ್ಲಿ ಬೈದಿದ್ದ. ಅಂಗಡಿ ತುಂಬ ಗಿರಾಕಿಗಳಿದ್ದರು. ನಾನು ಒಂದು ಸಲ ಗಂಟಲು ಸರಿಮಾಡಿಕೊಂಡು, ಎಲ್ಲವನ್ನೂ ಓದಿದೆ.

ನಿಮ್ಮ
ಪ್ರಣಾಲಿ